ಈ ಲೂಪ್ ನಿಲ್ಲುತ್ತದೆಯೇ? 1936ರ ಪ್ರಮೇಯದಿಂದ ಪುಣೆಯ ಇಸಿಯುವರೆಗೆ

ಧಾರವಾಡ, ಬೆಳಗಾವಿ, ವಿಜಯಪುರ ಕಡೆಯಿಂದ ಪುಣೆಗೆ ಓದಲು ಬರುವ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಹಾಲ್ಟಿಂಗ್ ಪ್ರಾಬ್ಲಂ ಎದುರಾಗುವುದು ಟಿಒಸಿ (ಥಿಯರಿ ಆಫ್ ಕಂಪ್ಯೂಟೇಶನ್) ಪೇಪರಿನಲ್ಲಿ. ಒಂದು ಪ್ರೋಗ್ರಾಮನ್ನೂ ಅದರ ಇನ್‌ಪುಟ್ಟನ್ನೂ ನೋಡಿ, ಅದು ಎಂದಾದರೂ ನಿಲ್ಲುತ್ತದೆಯೇ ಎಂದು ಹೇಳುವ ಇನ್ನೊಂದು ಪ್ರೋಗ್ರಾಂ ಬರೆಯಬಹುದೇ? ಆಗದು ಎಂದು ಅರ್ಧ ಪುಟದಲ್ಲಿ ಸಾಧಿಸಿ, ಅಂಕ ಪಡೆದು ಮುಂದೆ ಹೋಗುತ್ತಾರೆ. ಅವರಲ್ಲೇ ಕೆಲವರು ಪುಣೆ ಸುತ್ತಲಿನ ಹಿಂಜವಡಿಯಲ್ಲೋ ಚಾಕಣದಲ್ಲೋ ವಾಹನಗಳ ಇಸಿಯು (ವಾಹನದ ಭಾಗಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಕೋಡ್ ಬರೆಯಲು ಕೂತಾಗ, ಪ್ರತಿ ಲೂಪಿಗೂ (ಮತ್ತೆಮತ್ತೆ ಸುತ್ತುವ ಕೋಡಿನ ಭಾಗಕ್ಕೂ) ಮಿತಿ ತೋರಿಸಬೇಕು ಎಂಬ ನಿಯಮ ಕಣ್ಣಿಗೆ ಬೀಳುತ್ತದೆ. ಆಗದು ಎಂದು ಓದಿದ್ದನ್ನೇ ಮಾಡಿ ತೋರಿಸಿ ಎಂದರೆ ಹೇಗೆ? ಆಗದು ಎನ್ನುವ ಆ 1936ರ ಪ್ರಮೇಯ ಹೇಳದೇ ಇದ್ದದ್ದನ್ನೂ ಅದರ ತಲೆಗೆ ಕಟ್ಟಿರುವುದೇ ಈ ಗೊಂದಲದ ಮೂಲ.

ಕಥೆ ಶುರುವಾಗುವುದು ಕಂಪ್ಯೂಟರ್ ಹುಟ್ಟುವ ಮೊದಲೇ. ತರ್ಕಶಾಸ್ತ್ರದ ಯಾವುದೇ ಸೂತ್ರ ಕೊಟ್ಟರೂ ಅದು ಸಾರ್ವತ್ರಿಕವಾಗಿ ಸತ್ಯವೇ ಅಲ್ಲವೇ ಎಂದು ತೀರ್ಮಾನಿಸುವ ಯಾಂತ್ರಿಕ ವಿಧಾನ ಬೇಕೆಂದು ಡೇವಿಡ್ ಹಿಲ್ಬರ್ಟ್ ಮತ್ತು ವಿಲ್ಹೆಲ್ಮ್ ಆಕರ್ಮನ್ 1928ರಲ್ಲಿ ಕೇಳಿದ್ದರು. 1936ರಲ್ಲಿ ಅಮೆರಿಕದ ಅಲೊಂಜೊ ಚರ್ಚ್, ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಬೇರೆಬೇರೆ ದಾರಿಯಲ್ಲಿ ಹೋಗಿ ಅಂಥ ವಿಧಾನ ಇಲ್ಲವೆಂದು ತೋರಿಸಿದರು. ಟ್ಯೂರಿಂಗ್ ಲೇಖನ ಸಲ್ಲಿಸಿದಾಗ ಅವರಿಗೆ 23 ವರ್ಷ. ಅದಕ್ಕಾಗಿ ಅವರು ಕಾಗದದ ಮೇಲೆ ಕಲ್ಪಿಸಿಕೊಂಡ ಲೆಕ್ಕದ ಯಂತ್ರ ನಿಲ್ಲುವುದಕ್ಕಾಗಿ ಮಾಡಿದ್ದಲ್ಲ, ಕೊನೆಯಿಲ್ಲದೆ ಅಂಕಿಗಳನ್ನು ಬರೆಯುತ್ತ ಹೋಗಬೇಕಾದದ್ದು. ಎಲ್ಲೋ ಸಿಕ್ಕಿಕೊಂಡು ಬರೆಯುವುದನ್ನು ಬಿಟ್ಟುಬಿಡುತ್ತದೆಯೇ ಎಂಬುದು ಅವರ ಪ್ರಶ್ನೆ. ಅದು ಇಂದಿನ ರೂಪದಲ್ಲಿ, ಇಂದಿನ ಹೆಸರಿನಲ್ಲಿ ನೆಲೆಯೂರಿದ್ದು 1950ರ ದಶಕದಲ್ಲಿ.

ಸಾಧನೆ ಹೀಗಿದೆ. ಯಾವ ಪ್ರೋಗ್ರಾಂ ಕೊಟ್ಟರೂ ಉತ್ತರ ಹೇಳಿಯೇ ತೀರುವ, ಎಂದೂ ತಪ್ಪದ ಒಂದು ‘ತೀರ್ಪುಗಾರ’ ಇದೆ ಎಂದಿಟ್ಟುಕೊಳ್ಳಿ. ಅದನ್ನು ಹೊಟ್ಟೆಯೊಳಗಿಟ್ಟುಕೊಂಡು ‘ತರಲೆ’ ಎಂಬ ಪ್ರೋಗ್ರಾಂ ಬರೆಯಿರಿ. ತರಲೆಗೆ ಒಂದು ಕೋಡ್ ಕೊಟ್ಟರೆ, ಈ ಕೋಡಿಗೆ ಇದನ್ನೇ ಇನ್‌ಪುಟ್ ಆಗಿ ಕೊಟ್ಟಾಗ ನಿಲ್ಲುತ್ತದೆಯೇ ಎಂದು ತೀರ್ಪುಗಾರನನ್ನು ಕೇಳುತ್ತದೆ. ನಿಲ್ಲುತ್ತದೆ ಎಂದು ಬಂದರೆ ಬೇಕೆಂದೇ ಕೊನೆಯಿಲ್ಲದ ಲೂಪಿಗೆ ಬೀಳುತ್ತದೆ. ನಿಲ್ಲುವುದಿಲ್ಲ ಎಂದು ಬಂದರೆ ಅಲ್ಲೇ ನಿಲ್ಲುತ್ತದೆ. ಇನ್ನು ತರಲೆಗೆ ತರಲೆಯ ಕೋಡನ್ನೇ ಕೊಡಿ. ತೀರ್ಪುಗಾರ ಏನೇ ಹೇಳಲಿ, ಅದು ಸುಳ್ಳಾಗುತ್ತದೆ.

ಇಲ್ಲಿ ಜೀವ ಇರುವುದು ‘ಯಾವ ಪ್ರೋಗ್ರಾಂ ಕೊಟ್ಟರೂ’ ಮತ್ತು ‘ಉತ್ತರ ಹೇಳಿಯೇ ತೀರುವ’ ಎಂಬ ಎರಡು ಷರತ್ತುಗಳಲ್ಲಿ. ಒಂದನ್ನು ಸಡಿಲಿಸಿದರೂ ಸಾಧನೆ ನಡೆಯುವುದಿಲ್ಲ. ನಿಜವಾದ ಕಂಪ್ಯೂಟರಿಗೆ ಮೆಮೊರಿ ಸೀಮಿತವಲ್ಲವೇ, ಅದರ ಸ್ಥಿತಿಗಳನ್ನೆಲ್ಲ ಪರೀಕ್ಷಿಸಿದರೆ ಉತ್ತರ ಸಿಗದೇ ಎಂದೂ ಕೆಲವರು ವಾದಿಸುತ್ತಾರೆ. ಮಾತು ಸರಿ, ಪ್ರಯೋಜನ ಇಲ್ಲ: 2 ಕೆಬಿ ರ‍್ಯಾಮ್ ಇರುವ ಚಿಕ್ಕ ಚಿಪ್ಪಿನಲ್ಲೂ 16,384 ಬಿಟ್‌ಗಳಿವೆ; ಅವುಗಳ ಸಂಭವನೀಯ ಸ್ಥಿತಿಗಳ ಸಂಖ್ಯೆಯನ್ನು ಬರೆದರೆ ಅದಕ್ಕೆ 4,933 ಅಂಕಿಗಳು.

ಒಂದು ನಿರ್ದಿಷ್ಟ ಪ್ರೋಗ್ರಾಂ ನಿಲ್ಲುತ್ತದೆ ಎಂದು ಸಾಧಿಸುವ ದಾರಿ ತೋರಿಸಿದ್ದೂ ಟ್ಯೂರಿಂಗರೇ. ಪಠ್ಯಪುಸ್ತಕಗಳು ಇದನ್ನು ಹೇಳದೆ ಬಿಡುವುದು ಅನ್ಯಾಯ. 1949ರ ಜೂನ್‌ನಲ್ಲಿ ಕೇಂಬ್ರಿಜ್‌ನ ಸಮ್ಮೇಳನವೊಂದರಲ್ಲಿ ಅವರು ಒಂದು ಪುಟ್ಟ ಪ್ರೋಗ್ರಾಂ ತೆಗೆದುಕೊಂಡರು: ಗುಣಾಕಾರವಿಲ್ಲದೆ, ಬರೀ ಕೂಡಿಸುತ್ತ ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯವರೆಗಿನ ಎಲ್ಲದರ ಗುಣಲಬ್ಧ) ಲೆಕ್ಕ ಹಾಕುವಂಥದ್ದು, ಒಂದರೊಳಗೊಂದು ಎರಡು ಲೂಪ್. ಅದು ನಿಲ್ಲುತ್ತದೆ ಎಂದು ತೋರಿಸಲು, ಹೆಜ್ಜೆಹೆಜ್ಜೆಗೂ ಇಳಿಯುತ್ತ ಹೋಗುವ ಒಂದು ಅಳತೆಯನ್ನು ಕಟ್ಟಿದರು. ಹೊರಗಿನ ಲೂಪಿನಲ್ಲಿ ಉಳಿದ ಸುತ್ತುಗಳಿಗೆ 2ರ 80ನೇ ಘಾತದ ತೂಕ, ಒಳಗಿನದಕ್ಕೆ 2ರ 40ನೇ ಘಾತದ ತೂಕ, ಅದಕ್ಕೆ ಕೋಡಿನಲ್ಲಿ ಎಲ್ಲಿದ್ದೇವೆ ಎಂಬ ಚಿಕ್ಕ ಸಂಖ್ಯೆ. ಸೊನ್ನೆಗಿಂತ ಕೆಳಗಿಳಿಯದ ಪೂರ್ಣಾಂಕ ಇಳಿಯುತ್ತಲೇ ಇರಲಾರದು. ಆದ್ದರಿಂದ ಪ್ರೋಗ್ರಾಂ ನಿಲ್ಲಲೇಬೇಕು. 1967ರಲ್ಲಿ ರಾಬರ್ಟ್ ಫ್ಲಾಯ್ಡ್ ಇದನ್ನು ವಿಧಾನವಾಗಿ ಬೆಳೆಸಿದರು.

ಈ ಅಳತೆಯ ಬೆಲೆ ಗೊತ್ತಾಗಬೇಕಾದರೆ 2008ರ ಡಿಸೆಂಬರ್ 31 ನೆನೆಯಬೇಕು. ಅಂದು ಮೈಕ್ರೋಸಾಫ್ಟಿನ 30 ಜಿಬಿ ‘ಜೂನ್’ (Zune) ಸಂಗೀತ ಪ್ಲೇಯರ್‌ಗಳು ಒಟ್ಟಿಗೇ ಹ್ಯಾಂಗ್ ಆದವು. 1980ರಿಂದ ಎಣಿಸಿದ ದಿನಗಳನ್ನು ವರ್ಷಕ್ಕೆ ತಿರುಗಿಸುವ ಲೂಪ್ ಅದು: ದಿನಗಳು 365ಕ್ಕಿಂತ ಹೆಚ್ಚಿರುವವರೆಗೆ ಸುತ್ತು, ಸಾಮಾನ್ಯ ವರ್ಷವಾದರೆ 365 ಕಳೆ, ಅಧಿಕ ವರ್ಷವಾದರೆ, ದಿನಗಳು 366ಕ್ಕಿಂತ ಹೆಚ್ಚಿದ್ದರೆ ಮಾತ್ರ 366 ಕಳೆ. ಅಧಿಕ ವರ್ಷದ ಕೊನೆಯ ದಿನ ಉಳಿಯುವುದು ಸರಿಯಾಗಿ 366. ಲೂಪಿನಿಂದ ಹೊರಬರಲು ಹೆಚ್ಚು, ಕಳೆಯಲು ಕಡಿಮೆ. ಪ್ರತಿ ಕವಲಿನಲ್ಲೂ ದಿನಗಳ ಸಂಖ್ಯೆ ಇಳಿಯುತ್ತದೆಯೇ ಎಂದು 1949ರ ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಆ ಒಂದು ಕವಲು ಕೈಗೆ ಸಿಗುತ್ತಿತ್ತು.

ಅಳತೆ ಹುಡುಕುವ ಕೆಲಸವನ್ನು 2006ರ ಹೊತ್ತಿಗೆ ಬೈರನ್ ಕುಕ್ ತಂಡದ ಟರ್ಮಿನೇಟರ್ ಎಂಬ ಉಪಕರಣ ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ನಡೆಸುವ ಡ್ರೈವರ್‌ಗಳ ಮೇಲೆ ತಾನೇ ಮಾಡತೊಡಗಿತು. ಸಿಕ್ಕರೆ ‘ನಿಲ್ಲುತ್ತದೆ’, ಸಿಗದಿದ್ದರೆ ಕೈಚೆಲ್ಲುವ ಹಕ್ಕು; ಅಂದರೆ ‘ಉತ್ತರ ಹೇಳಿಯೇ ತೀರುವ’ ಷರತ್ತು ಇಲ್ಲಿ ಸಡಿಲ. ಕೈಚೆಲ್ಲಲೇಬೇಕಾದ ಪುಟ್ಟ ಲೂಪ್‌ಗಳೂ ಇವೆ: ಸಮಸಂಖ್ಯೆಯಾದರೆ ಅರ್ಧ ಮಾಡು, ಬೆಸವಾದರೆ ಮೂರು ಪಟ್ಟು ಮಾಡಿ ಒಂದು ಕೂಡಿಸು, 1 ಬಂದರೆ ನಿಲ್ಲು. ಕೊಲಾಟ್ಜ್ ಹೆಸರಿನ ಈ ಲೂಪ್ ಎಲ್ಲ ಸಂಖ್ಯೆಗಳಿಗೂ ನಿಲ್ಲುತ್ತದೆಯೇ ಎಂಬುದನ್ನು ಇವತ್ತಿಗೂ ಯಾರೂ ಸಾಧಿಸಿಲ್ಲ.

ನಿಲ್ಲುವ ಪ್ರಶ್ನೆಗಷ್ಟೇ ಈ ಕಷ್ಟವಲ್ಲ. ಪ್ರೋಗ್ರಾಮಿನ ನಡವಳಿಕೆಯ ಬಗ್ಗೆ ಕೇಳುವ ಯಾವ ಸಾರವುಳ್ಳ ಪ್ರಶ್ನೆಗೂ ಇದೇ ಗತಿ ಎಂದು ಹೆನ್ರಿ ರೈಸ್ 1953ರಲ್ಲಿ ಪ್ರಕಟಿಸಿದರು. ಕೋಡಿನ ಇಂತಿಂಥ ತಪ್ಪು ಸಾಲನ್ನು ಪ್ರೋಗ್ರಾಂ ಎಂದಾದರೂ ತಲುಪುತ್ತದೆಯೇ ಎಂಬುದೂ ಹಾಗೆಯೇ. 1981ರಲ್ಲಿ ಪುಣೆಯಲ್ಲಿ ಶುರುವಾದ ಟಾಟಾ ಸಂಶೋಧನಾ ಕೇಂದ್ರ ಟಿಆರ್‌ಡಿಡಿಸಿ ಬೆಳೆಸಿದ ವೆರಿಆ್ಯಬ್ಸ್ ಉಪಕರಣ ಸಿ ಭಾಷೆಯ ಕೋಡಿನಲ್ಲಿ ಹುಡುಕುವುದು ಇದಕ್ಕೇ ಉತ್ತರ. ಅದು ಭಾಗವಹಿಸಿದ, ಇಂಥ ಉಪಕರಣಗಳ ಎಸ್‌ವಿ-ಕಾಂಪ್ ಸ್ಪರ್ಧೆಯ ಅಂಕಪದ್ಧತಿಯೇ ಈ ಕ್ಷೇತ್ರದ ವಿವೇಕ: ದೋಷವಿಲ್ಲ ಎಂದು ಸರಿಯಾಗಿ ಹೇಳಿದರೆ 2, ದೋಷ ಹಿಡಿದರೆ 1, ‘ಗೊತ್ತಿಲ್ಲ’ ಎಂದರೆ ಸೊನ್ನೆ. ಇಲ್ಲದ ದೋಷ ತೋರಿಸಿದರೆ 16 ಕಡಿತ, ದೋಷವಿದ್ದೂ ಇಲ್ಲ ಎಂದರೆ 32 ಕಡಿತ.

ಇಸಿಯು ಬರೆಯುವವರು ಇನ್ನೊಂದು ಷರತ್ತನ್ನು ಸಡಿಲಿಸುತ್ತಾರೆ: ಯಾವ ಪ್ರೋಗ್ರಾಂ ಬೇಕಾದರೂ ಬರೆಯುವ ಸ್ವಾತಂತ್ರ್ಯವನ್ನೇ ಬಿಟ್ಟುಕೊಡುತ್ತಾರೆ. ವಾಹನ ಉದ್ಯಮದಲ್ಲಿ ಸಿ ಕೋಡಿಗಾಗಿ ಮಾಡಿಕೊಂಡ ಮಿಸ್ರಾ ಸಿ ನಿಯಮಗಳು ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಬೇಡ ಎನ್ನುತ್ತವೆ. ಆದರೂ ಲೂಪ್ ಕೆಡುವ ಜಾಗಗಳು ಉಳಿಯುತ್ತವೆ. 8 ಬಿಟ್‌ನ ಕೌಂಟರ್ ಇಟ್ಟು ‘256ಕ್ಕಿಂತ ಕಡಿಮೆ ಇರುವವರೆಗೆ’ ಎಂದು ಬರೆದರೆ, 255ರ ನಂತರ ಅದು ಸೊನ್ನೆಗೆ ಮರಳುವುದರಿಂದ ಲೂಪ್ ಮುಗಿಯುವುದೇ ಇಲ್ಲ. ಎಡಿಸಿ (ಸೆನ್ಸರಿನ ವೋಲ್ಟೇಜನ್ನು ಅಂಕಿಗೆ ತಿರುಗಿಸುವ ಭಾಗ) ತನ್ನ ಕೆಲಸ ಮುಗಿಯಿತೆಂದು ಹೇಳುವ ಬಿಟ್‌ಗಾಗಿ ಕಾಯುವ ಲೂಪ್ ನಿಲ್ಲುವುದು ಹಾರ್ಡ್‌ವೇರ್ ಸರಿಯಿದ್ದರೆ ಮಾತ್ರ. ಅದಕ್ಕೊಂದು ಇಳಿಯುವ ಕೌಂಟರ್ ಸೇರಿಸಿ, ಸೊನ್ನೆಯಾದರೆ ದೋಷ ದಾಖಲಿಸಿ ಹೊರಬರಬೇಕು.

ಇಷ್ಟಾದರೂ ತಪ್ಪಿಸಿಕೊಂಡದ್ದಕ್ಕೆ ವಾಚ್‌ಡಾಗ್ ಟೈಮರ್ ಇದೆ. ಉದಾಹರಣೆಗೆ 100 ಮಿಲಿಸೆಕೆಂಡಿನೊಳಗೆ ಸಾಫ್ಟ್‌ವೇರ್ ಅದನ್ನು ಮತ್ತೆ ಮೊದಲಿನಿಂದ ಎಣಿಸುವಂತೆ ಮುಟ್ಟದಿದ್ದರೆ ಚಿಪ್ ರೀಸೆಟ್ ಆಗುತ್ತದೆ. ಲೂಪ್ ನಿಜಕ್ಕೂ ಸಿಕ್ಕಿಕೊಂಡಿತ್ತೋ ಬರೀ ನಿಧಾನವಾಗಿತ್ತೋ ಎಂದು ಅದು ವಿಚಾರಿಸುವುದಿಲ್ಲ. ವಾಚ್‌ಡಾಗ್ ಮುಟ್ಟುವ ಸಾಲನ್ನು ಟೈಮರ್ ಇಂಟರಪ್ಟ್ (ಮುಖ್ಯ ಕೋಡನ್ನು ತಡೆದು ನಿಗದಿತ ಸಮಯಕ್ಕೊಮ್ಮೆ ಓಡುವ ಕೋಡ್) ಒಳಗೆ ಇಡುವುದು ಪದೇಪದೇ ಆಗುವ ತಪ್ಪು: ಮುಖ್ಯ ಲೂಪ್ ಸತ್ತುಬಿದ್ದಿದ್ದರೂ ಇಂಟರಪ್ಟ್ ತನ್ನ ಪಾಡಿಗೆ ಓಡುತ್ತ ಎಲ್ಲ ಸರಿಯಿದೆ ಎಂದು ಹೇಳುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ಟಾಸ್ಕ್ ತನ್ನ ಸುತ್ತು ಮುಗಿಸಿದಾಗ ಒಂದು ಬಿಟ್ ಎತ್ತಿಡಬೇಕು. ಎಲ್ಲ ಬಿಟ್‌ಗಳೂ ಎದ್ದಿದ್ದರೆ ಮಾತ್ರ ಒಂದೇ ಒಂದು ಜಾಗದಿಂದ ವಾಚ್‌ಡಾಗ್ ಮುಟ್ಟಿ, ಬಿಟ್‌ಗಳನ್ನು ಮತ್ತೆ ಅಳಿಸಬೇಕು.