ಒಂಬತ್ತು ದಿನಗಳ ಅಂತರ

ಮೌಲ್ಯಮಾಪನಕ್ಕೆ ಬಂದ ವಿಶ್ವ ಇತಿಹಾಸದ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರೆ ಮೊದಲ ಗಂಟೆಯೊಳಗೇ ಆ ಎರಡು ಸಾಲುಗಳು ಎದುರಾಗುತ್ತವೆ. 'ಅಮೆರಿಕದಲ್ಲಿ ಕಮ್ಯುನಿಸ್ಟ್ ಭೀತಿಯನ್ನು ಹುಟ್ಟುಹಾಕಿದವನು ಸೆನೆಟರ್ ಮೆಕಾರ್ಥಿ. ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿಯ ಅಧ್ಯಕ್ಷನಾಗಿ ಅವನು ಹಾಲಿವುಡ್ ಲೇಖಕರನ್ನು ಜೈಲಿಗೆ ಕಳುಹಿಸಿದನು.' ಇಪ್ಪತ್ತೆರಡು ವರ್ಷಗಳಿಂದ ಪದವಿ ತರಗತಿಗೆ ಪಾಠ ಮಾಡುತ್ತಿದ್ದೇನೆ. ಈ ಸಾಲುಗಳ ಕೆಳಗೆ ನಾನು ಎಳೆದ ಕೆಂಪು ಗೆರೆಗಳಿಗೆ ಲೆಕ್ಕವಿಲ್ಲ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೊಳ್ಳುವ ಗೈಡ್‌ನಲ್ಲಿ ಹಾಗೆಯೇ ಅಚ್ಚಾಗಿರುತ್ತದೆ. ಸಿಟ್ಟು ಬರುವುದು ನಮ್ಮ ಮೇಲೆ. 'ಮೆಕಾರ್ಥಿವಾದ' ಎಂಬ ಒಂದೇ ಪದವನ್ನು ಕರಿಹಲಗೆಯ ಮೇಲೆ ಬರೆದು, ಇಡೀ ಕಾಲಘಟ್ಟವನ್ನು ಅದರೊಳಗೆ ತುರುಕಿ, ಕೊರಿಯಾ ಯುದ್ಧಕ್ಕೆ ಹೊರಟುಬಿಡುವವರು ನಾವೇ ಅಲ್ಲವೇ?

ಸಮಿತಿಯ ಬಗೆಗಿನ ತಪ್ಪನ್ನು ತಿದ್ದುವುದು ಸುಲಭ. ಆ ಸಮಿತಿ ಅಮೆರಿಕದ ಪ್ರತಿನಿಧಿ ಸಭೆಯದು. ಮೆಕಾರ್ಥಿ ಇದ್ದದ್ದು ಸೆನೆಟ್‌ನಲ್ಲಿ. ನಮ್ಮ ಲೋಕಸಭೆಯ ಅಂದಾಜು ಸಮಿತಿಗೆ ರಾಜ್ಯಸಭೆಯವರು ಸದಸ್ಯರೂ ಆಗಲಾರರು ಎಂದು ನೆನಪಿಸಿದರೆ ತರಗತಿಗೆ ತಟ್ಟನೆ ಅರ್ಥವಾಗುತ್ತದೆ. 1947ರ ಅಕ್ಟೋಬರ್‌ನಲ್ಲಿ ಹಾಲಿವುಡ್‌ನವರನ್ನು ಕರೆಸಿ 'ನೀವು ಈಗ ಕಮ್ಯುನಿಸ್ಟ್ ಪಕ್ಷದ ಸದಸ್ಯರೇ, ಹಿಂದೆ ಎಂದಾದರೂ ಆಗಿದ್ದಿರೇ' ಎಂದು ಕೇಳಿದಾಗ ಸಮಿತಿಯ ಅಧ್ಯಕ್ಷರಾಗಿದ್ದವರು ಪಾರ್ನೆಲ್ ಥಾಮಸ್. ಉತ್ತರಿಸಲು ಒಪ್ಪದ ಹತ್ತು ಮಂದಿ ಶಾಸನಸಭೆಯ ನಿಂದನೆಗಾಗಿ 1950ರಲ್ಲಿ ಜೈಲು ಸೇರಿದರು. ಅಷ್ಟರಲ್ಲಿ ಥಾಮಸ್ ಕೂಡ, ಕಚೇರಿಯಲ್ಲಿ ಕೆಲಸವನ್ನೇ ಮಾಡದವರ ಹೆಸರಿನಲ್ಲಿ ಸಂಬಳ ಎತ್ತಿದ ವಂಚನೆಗಾಗಿ ಡ್ಯಾನ್‌ಬರಿಯ ಜೈಲಿನಲ್ಲಿದ್ದರು. ಆ ಹತ್ತು ಮಂದಿಯಲ್ಲಿ ಇಬ್ಬರು ಅದೇ ಜೈಲಿಗೆ ಬಂದರು. ಇದನ್ನು ಹೇಳಿದರೆ ಮಕ್ಕಳು ಥಾಮಸ್ ಹೆಸರನ್ನು ಮತ್ತೆ ಮರೆಯುವುದಿಲ್ಲ.

ಆದರೆ ಮೊದಲ ಸಾಲಿನ ತಪ್ಪು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ದಯವಿಟ್ಟು ಈ ಎರಡು ದಿನಾಂಕಗಳನ್ನು ಒಟ್ಟಿಗೆ ಬರೆದುಕೊಳ್ಳಿ: 1947ರ ಮಾರ್ಚ್ 12, 1947ರ ಮಾರ್ಚ್ 21. ಮೊದಲನೆಯ ದಿನ ಅಧ್ಯಕ್ಷ ಟ್ರೂಮನ್ ಎರಡೂ ಸದನಗಳ ಮುಂದೆ ನಿಂತು, ಕಮ್ಯುನಿಸಂ ಹರಡದಂತೆ ತಡೆಯಲು ಗ್ರೀಸ್ ಮತ್ತು ಟರ್ಕಿಗಳಿಗೆ 40 ಕೋಟಿ ಡಾಲರ್ ನೆರವು ಕೇಳಿದರು. ನಮ್ಮ ಪಠ್ಯಗಳಲ್ಲಿ ಇದು 'ಟ್ರೂಮನ್ ಸಿದ್ಧಾಂತ' ಎಂಬ ಶೀರ್ಷಿಕೆಯಡಿ ವಿದೇಶಾಂಗ ನೀತಿಯ ಭಾಗದಲ್ಲಿ ಬರುತ್ತದೆ. ಒಂಬತ್ತು ದಿನಗಳ ನಂತರ ಅವರೇ 9835ನೇ ಕಾರ್ಯಾದೇಶಕ್ಕೆ ಸಹಿ ಹಾಕಿದರು. ಕೇಂದ್ರ ಸರ್ಕಾರದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ನಾಗರಿಕ ನೌಕರರ ನಿಷ್ಠೆಯನ್ನು ತಪಾಸಣೆ ಮಾಡಬೇಕೆಂಬ ಆದೇಶ ಅದು. ಅದು ಪಠ್ಯದಲ್ಲಿ ಬರುವುದೇ ಇಲ್ಲ. ಬಂದರೂ ನಲವತ್ತು ಪುಟ ಆಚೆ, ಆಂತರಿಕ ರಾಜಕೀಯದ ಭಾಗದಲ್ಲಿ. ಹೊರಗಿನ ಶತ್ರುವನ್ನು ಹೆಸರಿಸಿದ ಕೈ ಒಂಬತ್ತೇ ದಿನಗಳಲ್ಲಿ ಒಳಗಿನ ಶತ್ರುವನ್ನು ಹುಡುಕುವ ಆದೇಶಕ್ಕೂ ಸಹಿ ಹಾಕಿತು. ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಿಗೆ ಹಂಚಿದರೆ, ನಡುವಿನ ಖಾಲಿ ಜಾಗದಲ್ಲಿ ಕೂರಿಸಲು ನಮಗೊಬ್ಬ ಖಳನಾಯಕ ಬೇಕಾಗುತ್ತಾನೆ. ಆಗ ಮೆಕಾರ್ಥಿ ಸಿಗುತ್ತಾರೆ.

ಮೆಕಾರ್ಥಿ ಬಂದದ್ದು ಯಾವಾಗ? 1950ರ ಫೆಬ್ರವರಿ 9ರಂದು, ಪಶ್ಚಿಮ ವರ್ಜೀನಿಯಾದ ವ್ಹೀಲಿಂಗ್ ಎಂಬ ಊರಿನ ಭಾಷಣದಲ್ಲಿ. ವಿದೇಶಾಂಗ ಇಲಾಖೆಯಲ್ಲಿ 205 ಕಮ್ಯುನಿಸ್ಟರಿದ್ದಾರೆ ಎಂದು ಅವರು ಹೇಳಿದ್ದಾಗಿ ವರದಿಯಾಯಿತು. ಮುಂದೆ ಆ ಸಂಖ್ಯೆ 57 ಆಯಿತು, ಸೆನೆಟ್‌ನಲ್ಲಿ 81 ಆಯಿತು. ಆದೇಶಕ್ಕೂ ಆ ಭಾಷಣಕ್ಕೂ ನಡುವೆ ಸುಮಾರು ಮೂರು ವರ್ಷ. ಆ ಮೂರು ವರ್ಷಗಳಲ್ಲಿ ಚೆಕೊಸ್ಲೊವಾಕಿಯಾ ಕಮ್ಯುನಿಸ್ಟರ ಕೈಸೇರಿತು, ಬರ್ಲಿನ್ ದಿಗ್ಬಂಧನ ನಡೆಯಿತು, ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿತು, ಬೀಜಿಂಗ್‌ನಲ್ಲಿ ಮಾವೋ ಅಧಿಕಾರಕ್ಕೆ ಬಂದರು. ವ್ಹೀಲಿಂಗ್ ಭಾಷಣಕ್ಕೆ ಒಂದು ವಾರ ಮೊದಲು, ಅಣುಬಾಂಬಿನ ರಹಸ್ಯವನ್ನು ಸೋವಿಯತ್‌ಗೆ ಕೊಟ್ಟ ವಿಜ್ಞಾನಿ ಕ್ಲಾಸ್ ಫುಕ್ಸ್ ಲಂಡನ್‌ನಲ್ಲಿ ಬಂಧನಕ್ಕೊಳಗಾಗಿದ್ದರು. ಒಲೆ ಹೊತ್ತಿ ಎಸರು ಕುದಿಯುತ್ತಿದ್ದಾಗ ಅಡುಗೆಮನೆಗೆ ಬಂದವರು ಮೆಕಾರ್ಥಿ. ಸೆನೆಟ್‌ನ ತನಿಖಾ ಉಪಸಮಿತಿಯ ಅಧ್ಯಕ್ಷ ಸ್ಥಾನ ಅವರಿಗೆ ಸಿಕ್ಕಿದ್ದು 1953ರಲ್ಲಿ. 1954ರ ಡಿಸೆಂಬರ್‌ನಲ್ಲಿ ಸೆನೆಟ್ 67-22 ಮತಗಳಿಂದ ಅವರನ್ನು ಖಂಡಿಸಿತು. ಅಲ್ಲಿಗೆ ಅವರ ಕಥೆ ಮುಗಿಯಿತು. ತಪಾಸಣೆಯ ವ್ಯವಸ್ಥೆ ಮುಗಿಯಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಕೇಳಿದ ಜಾಣ ಮಕ್ಕಳು ಇನ್ನೊಂದು ತುದಿಗೆ ಹಾರಿ, 'ಗೂಢಚಾರರೇ ಇರಲಿಲ್ಲ, ಎಲ್ಲವೂ ಟ್ರೂಮನ್ ಆಡಿದ ನಾಟಕ' ಎಂದು ಬರೆಯುತ್ತಾರೆ. ಅದೂ ತಪ್ಪು. ಗೂಢಚಾರರಿದ್ದರು. 1945ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿದ್ದ ಸೋವಿಯತ್ ರಾಯಭಾರ ಕಚೇರಿಯಿಂದ ಗೂಜೆಂಕೊ ಎಂಬ ಗುಮಾಸ್ತ ಕಾಗದಪತ್ರಗಳೊಂದಿಗೆ ಹೊರಬಂದಾಗಲೇ ಅದು ಗೊತ್ತಾಗಿತ್ತು. ಅಮೆರಿಕ ಗುಟ್ಟಾಗಿ ಬಿಡಿಸಿ ಓದಿದ್ದ, 1995ರಲ್ಲಿ ಬಹಿರಂಗವಾದ ಸೋವಿಯತ್ ಗೂಢಚಾರರ 'ವೆನೋನಾ' ತಂತಿ ಸಂದೇಶಗಳು ಇನ್ನಷ್ಟನ್ನು ತೋರಿಸಿದವು. 1946ರ ಚುನಾವಣೆಯಲ್ಲಿ ರಿಪಬ್ಲಿಕನ್ನರು ಎರಡೂ ಸದನಗಳನ್ನು ಗೆದ್ದಿದ್ದರಿಂದ ಟ್ರೂಮನ್ ಮೇಲೆ ಒತ್ತಡವಿತ್ತು. ಅದೊಂದೇ ಕಾರಣ ಎಂದು ನಾನು ಹೇಳಲಾರೆ. 1950ರಲ್ಲಿ ಕಮ್ಯುನಿಸ್ಟ್ ಸಂಘಟನೆಗಳು ಹೆಸರು ನೋಂದಾಯಿಸಬೇಕೆಂಬ ಮಸೂದೆಯನ್ನು ಇದೇ ಟ್ರೂಮನ್ ತಿರಸ್ಕರಿಸಿದರು. ಸದನಗಳು ಅದನ್ನು ಮೀರಿ ಕಾನೂನು ಮಾಡಿದವು ಎಂಬುದನ್ನೂ ಬರೆಯಬೇಕು.

ನನ್ನ ಆಕ್ಷೇಪ ಇರುವುದು ಆದೇಶದೊಳಗಿನ ಒಂದು ಪದಪುಂಜದ ಬಗ್ಗೆ. ವಿಧ್ವಂಸಕವೆಂದು ಅಟಾರ್ನಿ ಜನರಲ್ ಪಟ್ಟಿ ಮಾಡಿದ ಸಂಘಟನೆಗಳ ಸದಸ್ಯತ್ವ ಮಾತ್ರವಲ್ಲ, ಅವುಗಳೊಂದಿಗೆ 'ಸಹಾನುಭೂತಿಯ ಒಡನಾಟ'ವನ್ನೂ ಪರಿಗಣಿಸಬಹುದು ಎಂದು ಅದು ಹೇಳಿತು. ಒಡನಾಟವನ್ನು ಅಳೆಯುವುದು ಹೇಗೆ? ಯಾವ ಪತ್ರಿಕೆ ತರಿಸುತ್ತೀರಿ, ಎಡಪಂಥೀಯ ಕಪ್ಪು ಗಾಯಕ ಪಾಲ್ ರೋಬ್ಸನ್ ಹಾಡಿನ ತಟ್ಟೆಗಳು ಮನೆಯಲ್ಲಿವೆಯೇ ಎಂದೆಲ್ಲ ವಿಚಾರಣೆಗಳಲ್ಲಿ ಕೇಳಿದರು. ನಾನು ಶಾಲೆಗೆ ಹೋಗುವಾಗ ನಮ್ಮ ಮನೆಯ ಪಠ್ಯಪುಸ್ತಕಗಳಿಗೆಲ್ಲ ಸೋವಿಯತ್ ಪತ್ರಿಕೆಯ ನುಣುಪು ಹಾಳೆಯ ಹೊದಿಕೆ. ಅಪ್ಪನಿಗೆ ರಾಜಕೀಯದ ಗೊಡವೆ ಇರಲಿಲ್ಲ. ಹಾಳೆ ಗಟ್ಟಿಯಾಗಿತ್ತು, ಚಂದಾ ಅಗ್ಗವಾಗಿತ್ತು. 1948ರ ವಾಷಿಂಗ್ಟನ್‌ನಲ್ಲಿ ಗುಮಾಸ್ತರಾಗಿದ್ದರೆ ಆ ಚಂದಾದ ಬಗ್ಗೆ ಅಪ್ಪ ಯಾವುದೋ ಮಂಡಳಿಯ ಮುಂದೆ ಉತ್ತರ ಕೊಡಬೇಕಾಗಿತ್ತೇನೋ ಎಂದು ಮಕ್ಕಳಿಗೆ ಹೇಳುತ್ತೇನೆ.

1951ರ ಏಪ್ರಿಲ್‌ನಲ್ಲಿ ಆ ಅಳತೆಯೂ ಬದಲಾಯಿತು. ಅದುವರೆಗೆ ನೌಕರ ನಿಷ್ಠನಲ್ಲ ಎಂದು ನಂಬಲು ಸಮಂಜಸ ಆಧಾರ ಬೇಕಿತ್ತು. ಆಮೇಲೆ ನಿಷ್ಠೆಯ ಬಗ್ಗೆ ಸಮಂಜಸ ಸಂಶಯವಿದ್ದರೆ ಸಾಕಾಯಿತು. ಸಂಶಯದ ಲಾಭ ಆರೋಪಿಗೆ ಎಂಬುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತೇವೆ. ಇಲ್ಲಿ ಅದು ತಿರುಗಿತು: ಸಂಶಯದ ಲಾಭ ಸರ್ಕಾರಕ್ಕೆ. ಪಾಠ ಮಾಡುವಾಗ ಈ ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಎರಡು ನಿಮಿಷ ಸುಮ್ಮನಿರಿ ಎಂದು ಹೊಸ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ.

ಸಾಧ್ಯವಾದರೆ ಡೊರೊಥಿ ಬೈಲಿಯ ಪ್ರಕರಣವನ್ನೂ ಹೇಳಿ. ಸರ್ಕಾರದ ಉದ್ಯೋಗ ಸೇವಾ ಸಂಸ್ಥೆಯಲ್ಲಿ ತರಬೇತಿಯ ಕೆಲಸ ನೋಡಿಕೊಳ್ಳುತ್ತಿದ್ದವರು, ನೌಕರರ ಸಂಘದ ಸ್ಥಳೀಯ ಘಟಕದ ಮುಖ್ಯಸ್ಥೆಯೂ ಆಗಿದ್ದವರು. ಕಮ್ಯುನಿಸ್ಟ್ ಎಂಬ ಆರೋಪವನ್ನು ಆಕೆ ಪ್ರಮಾಣ ಮಾಡಿ ನಿರಾಕರಿಸಿದರು. ಅವರ ವಿರುದ್ಧ ಒಬ್ಬ ಸಾಕ್ಷಿಯೂ ನಿಷ್ಠೆಯನ್ನು ವಿಚಾರಿಸುವ ಮಂಡಳಿಯ ಮುಂದೆ ಬರಲಿಲ್ಲ. ಆದರೆ ಒಂದು ಪ್ರಶ್ನೆ ಬಂತು: ರಕ್ತವನ್ನು ಬೇರೆ ಬೇರೆ ಇಡುವುದರ ಬಗ್ಗೆ ನೀವು ರೆಡ್‌ಕ್ರಾಸ್‌ಗೆ ಪತ್ರ ಬರೆದಿದ್ದಿರಾ? ಯುದ್ಧಕಾಲದಲ್ಲಿ ಅಮೆರಿಕದ ರೆಡ್‌ಕ್ರಾಸ್ ಕಪ್ಪು ಜನ ಕೊಟ್ಟ ರಕ್ತವನ್ನು ಬಿಳಿಯರ ರಕ್ತದಿಂದ ಪ್ರತ್ಯೇಕವಾಗಿ ಇಡುತ್ತಿತ್ತು. ಕಮ್ಯುನಿಸ್ಟರು ಅದನ್ನು ವಿರೋಧಿಸಿದ್ದರಿಂದ, ವಿರೋಧಿಸಿದ ಯಾರೇ ಆದರೂ ಶಂಕಿತರು. ಬೈಲಿ ಕೆಲಸ ಕಳೆದುಕೊಂಡರು. 1951ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳು 4-4 ಆಗಿ ಒಡೆದು, ವಜಾವನ್ನು ಎತ್ತಿಹಿಡಿದ ಕೆಳಗಿನ ನ್ಯಾಯಾಲಯದ ತೀರ್ಪೇ ಉಳಿಯಿತು. ಒಂಬತ್ತನೆಯವರಾದ ಟಾಮ್ ಕ್ಲಾರ್ಕ್ ಪ್ರಕರಣದಿಂದ ದೂರ ಉಳಿದಿದ್ದರು. 1947ರಲ್ಲಿ ಸಂಘಟನೆಗಳ ಪಟ್ಟಿ ಪ್ರಕಟಿಸಿದ ಅಟಾರ್ನಿ ಜನರಲ್ ಅವರೇ.

ಕಳೆದ ವರ್ಷ ಇದನ್ನು ಹೇಳಿ ಮುಗಿಸಿದಾಗ, ಹಿಂದಿನ ಬೆಂಚಿನಲ್ಲಿ ಸದಾ ಮೌನವಾಗಿ ಕೂರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಅವರ ಮೇಲೆ ದೂರು ಕೊಟ್ಟವರು ಯಾರು?"

ಬೈಲಿಯ ವಕೀಲರೂ ಅದನ್ನೇ ಕೇಳಿದ್ದರಮ್ಮ ಎಂದೆ. ಅವರು ಯಾರೆಂಬುದು ತನಗೂ ಗೊತ್ತಿಲ್ಲ ಎಂದು ಮಂಡಳಿಯ ಅಧ್ಯಕ್ಷರು ಉತ್ತರಿಸಿದರು.