ಸಾಹೇಬ್ರು ರಜಾ ಹಾಕಿದ ದಿನ

ಯಾವ ಕಂಪನಿಯವರು ಸಲಹೆಗೆ ಕರೆದರೂ ನಾನು ಮೊದಲು ಕೇಳುವುದು ಇದನ್ನೇ: "ಸಾಹೇಬ್ರು ರಜಾ ಹಾಕಿದ ದಿನ ಇಲ್ಲಿ ಕೆಲಸ ಹೇಗೆ ನಡೆಯುತ್ತೆ?" ಜನ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವ ಒಂದು ಘಟಕ. ಮ್ಯಾನೇಜರ್ ಕೆಲಸದಲ್ಲಿ ಬಹಳ ಗಟ್ಟಿಗರು. ಟೂಲ್ ಬದಲಿಸಬೇಕಾದರೂ ಅವರನ್ನೇ ಕೇಳಬೇಕು. ಉತ್ಪಾದನೆ ಚೆನ್ನಾಗಿಯೇ ಇತ್ತು. ಮಗಳ ಮದುವೆಗೆಂದು ಅವರು ಒಂದು ವಾರ ಹೋದರು, ಒಂದಿಡೀ ಲಾಟ್ ರಿಜೆಕ್ಟ್ ಆಯಿತು. ಅಳತೆ ತಪ್ಪುತ್ತಿರುವುದು ಆಪರೇಟರ್‌ಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಹಾಗಾದ್ರೆ ಮಷಿನ್ ನಿಲ್ಲಿಸಲಿಲ್ಲ ಯಾಕೆ? "ನಿಲ್ಲಿಸಿದ್ರೆ ಯಾರನ್ನ ಕೇಳಿ ನಿಲ್ಲಿಸಿದೆ ಅಂತಾರೆ ಸಾರ್. ಓಡಿಸಿದ್ರೆ ಯಾರೂ ಕೇಳಲ್ಲ."

ಇದು ಹೊಸ ಕಾಯಿಲೆ ಅಲ್ಲ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕರ್ಟ್ ಲೆವಿನ್, ಲಿಪಿಟ್, ವೈಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಹುಡುಗರ ಗುಂಪುಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಬ್ಬ ಮುಖಂಡ ಬರೀ ಆಜ್ಞೆ ಮಾಡುವವನು, ಇನ್ನೊಬ್ಬ ಕೂತು ಮಾತಾಡಿ ತೀರ್ಮಾನಿಸುವವನು, ಮತ್ತೊಬ್ಬ 'ಏನಾದ್ರೂ ಮಾಡ್ಕೊಳ್ಳಿ' ಎನ್ನುವವನು. ಆಜ್ಞೆಗೆ ತಲೆಬಾಗಿದ ಗುಂಪುಗಳು, ಮುಖಂಡ ಎದುರಿದ್ದಾಗ ಶೇ. 74ರಷ್ಟು ಸಮಯ ಕೆಲಸದಲ್ಲಿದ್ದವು. ಅವನು ಹೊರಗೆ ಹೋದರೆ ಶೇ. 29! ಮಾತಾಡಿ ನಡೆಸಿದ ಗುಂಪುಗಳಲ್ಲಿ ಶೇ. 50 ಇದ್ದದ್ದು 46 ಆಯಿತು, ಅಷ್ಟೇ. ಅವರು ಮಕ್ಕಳು, ಗುಂಪುಗಳೂ ಚಿಕ್ಕವು, ನಿಜ. ಆದರೆ ಆ 74 ಇದೆಯಲ್ಲ, ಮಾಲೀಕರು ಮೋಸ ಹೋಗುವುದು ಅಲ್ಲೇ. ಅವರು ರೌಂಡ್ಸ್ ಬಂದಾಗ ಕಾಣುವುದು ಅದೊಂದೇ.

ಹಾಗಂತ ಆಜ್ಞೆಯೇ ಬೇಡ ಎನ್ನುವವನಲ್ಲ ನಾನು. ಮಂಡ್ಯ ಕಡೆ ಆಲೆಮನೆ ನೋಡಿದ್ದೀರಲ್ವಾ? ಪಾಕ ಹದಕ್ಕೆ ಬಂದಾಗ ಅದನ್ನು ನೋಡುವವನು 'ಇಳಿಸಿ' ಎಂದರೆ ಮುಗಿಯಿತು, ಎಲ್ಲರೂ ಕೊಪ್ಪರಿಗೆಗೆ ಕೈ ಹಾಕುತ್ತಾರೆ. ಆಗ ಮೀಟಿಂಗ್ ಕರೆದರೆ ಬೆಲ್ಲ ಸೀದುಹೋಗುತ್ತದೆ. ಆದರೆ ನಾಳೆ ಯಾರ ಗದ್ದೆಯ ಕಬ್ಬು ಎನ್ನುವುದನ್ನು ಸಂಜೆ ಕೂತು ಮಾತಾಡಿಕೊಳ್ಳಬಹುದು. ಐಟಿಐ ಮುಗಿಸಿ ನಿನ್ನೆ ಸೇರಿದ ಹುಡುಗನಿಗೆ ಪ್ರತಿ ಹೆಜ್ಜೆಯನ್ನೂ ಹೇಳಿಕೊಡಿ. ಹತ್ತು ವರ್ಷ ಅದೇ ಮಷಿನ್ ಓಡಿಸಿದವನಿಗೂ ಹಾಗೇ ಹೇಳಿದರೆ, ಅವನು ತಲೆಯನ್ನು ಗೇಟಿನಲ್ಲೇ ಬಿಟ್ಟು ಒಳಗೆ ಬರುತ್ತಾನೆ.

ಇನ್ನು 'ಏನಾದ್ರೂ ಮಾಡ್ಕೊಳ್ಳಿ' ಸಾಹೇಬ್ರು. ಅವರನ್ನು ಒಳ್ಳೆಯವರು ಅಂತಾರೆ. ಸುಮ್ನೆ ಜವಾಬ್ದಾರಿ ತಪ್ಪಿಸಿಕೊಳ್ಳುವವರು ಅಂತ ನನ್ನ ಅಭಿಪ್ರಾಯ.

ಹೆಬ್ಬಾಳದಲ್ಲಿ ಬದಲಾಯಿಸಿದ್ದು ಒಂದೇ ನಿಯಮ: ಅನುಮಾನ ಬಂದರೆ ಆಪರೇಟರೇ ಮಷಿನ್ ನಿಲ್ಲಿಸಬಹುದು. ಮೊದಲ ವಾರ ಒಬ್ಬರೂ ನಿಲ್ಲಿಸಲಿಲ್ಲ. ಎರಡನೇ ವಾರ ಒಬ್ಬ ನಿಲ್ಲಿಸಿದ, ನೋಡಿದರೆ ಅಳತೆ ಸರಿಯಾಗೇ ಇತ್ತು. ಎಲ್ಲರ ಕಣ್ಣೂ ಮ್ಯಾನೇಜರ್ ಮೇಲೆ. ಅವರು ಬೈಗುಳ ನುಂಗಿಕೊಂಡು, "ಏನು ಅನುಮಾನ ಬಂತಪ್ಪ?" ಎಂದರು. ನಿಯಮ ನಿಜವಾಗಿ ಜಾರಿಯಾದದ್ದು ಆವತ್ತೇ.

ಈ ಸಲ ಆಯುಧಪೂಜೆ ಮುಗಿಸಿ ಅವರು ನಾಲ್ಕು ದಿನ ರಜಾ ಹಾಕಿದರು. ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರಂತೆ. ಮೊದಲು ಗಂಟೆಗೊಂದು ಇತ್ತು.