ಸಂತೆಮರಹಳ್ಳಿ ಕ್ಷೇತ್ರ ಎಲ್ಲಿ ಹೋಯಿತು?

ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರ, 2004. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಈ ಒಂದು ವೋಟಿನ ಕತೆ ಕೇಳದವರು ಕಡಿಮೆ. ಚುನಾವಣೆ ಬಂದಾಗಲೆಲ್ಲ ಮತದಾನ ಜಾಗೃತಿ ಭಾಷಣಗಳಲ್ಲಿ ಇದು ಬಂದೇ ಬರುತ್ತದೆ. ಆದರೆ ಆ ಕ್ಷೇತ್ರವೇ ಈಗ ಇಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ನಾನು ಕಂದಾಯ ಇಲಾಖೆಯಲ್ಲಿದ್ದಾಗ ಬಹಳ ವರ್ಷ ಚುನಾವಣಾ ಶಾಖೆ ನೋಡಿಕೊಂಡವನು. ಎಣಿಕೆ ಸಿಬ್ಬಂದಿಗೆ ತರಬೇತಿ ಕೊಡುವಾಗ ಸಂತೆಮರಹಳ್ಳಿಯ ಮಾತು ಬರದೆ ಪಾಠ ಮುಗಿಯುತ್ತಿರಲಿಲ್ಲ. ಹಾಗಾಗಿ ಮೊದಲು ಆ ಒಂದು ವೋಟಿನ ವಿಚಾರವನ್ನೇ ಹೇಳಿಬಿಡುತ್ತೇನೆ. ಅದರ ಬಗ್ಗೆ ಒಂದು ತಪ್ಪು ತಿಳುವಳಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ.

ಕೃಷ್ಣಮೂರ್ತಿಯವರ ಕಾರಿನ ಡ್ರೈವರ್ ಅವತ್ತು ವೋಟು ಹಾಕಲಿಲ್ಲ, ಅದಕ್ಕೇ ಸೋತರು ಎಂಬ ಮಾತು ಆಗಿನಿಂದಲೂ ಓಡಾಡುತ್ತಿದೆ. ನಿಜ ಅಂತಲೇ ಇಟ್ಟುಕೊಳ್ಳೋಣ. ಆ ವೋಟು ಅವರಿಗೇ ಬಿದ್ದಿದ್ದರೆ ಏನಾಗುತ್ತಿತ್ತು? ಇಬ್ಬರದೂ 40,752. ಸಮ, ಅಲ್ವಾ? ಗೆಲುವಲ್ಲ. ಮತ ಸಮನಾದರೆ 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಕಲಂ ಪ್ರಕಾರ ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು. ಯಾರ ಹೆಸರು ಬರುತ್ತದೋ ಅವರಿಗೆ ಇನ್ನೊಂದು ಮತ ಬಂದಂತೆ ಲೆಕ್ಕ. ಅಂದರೆ ಆಗಲೂ ಅಂತರ ಒಂದೇ ವೋಟು, ಆದರೆ ಗೆದ್ದವರು ಯಾರು ಅನ್ನೋದು ಚೀಟಿಗೆ ಬಿಟ್ಟದ್ದು. ಎರಡು ಕಡೆ ಸೇರಿ 81,503 ಜನ ವೋಟು ಹಾಕಿದ ಚುನಾವಣೆಯ ಸೋಲನ್ನು ಒಬ್ಬ ದುಡಿಯುವ ಮನುಷ್ಯನ ತಲೆಗೆ ಕಟ್ಟುವುದು ನನಗೆ ಸುತರಾಂ ಸರಿ ಕಾಣುವುದಿಲ್ಲ.

ಇಂಥ ಹಣಾಹಣಿಯಲ್ಲಿ ಎಣಿಕೆ ಮಾಡುವವರು ಕಣ್ಣಿಡುವ ಜಾಗ ಬೇರೆ. ಅದು ಅಂಚೆ ಮತಪತ್ರದ ಟೇಬಲ್. 2004ರಲ್ಲಿ ರಾಜ್ಯದ ಎಲ್ಲ ಕ್ಷೇತ್ರಗಳಲ್ಲೂ ಮತಯಂತ್ರ ಇತ್ತು. ಯಂತ್ರವನ್ನು ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ಬರುತ್ತದೆ. ಅಂಚೆ ಮತದ ವಿಷಯ ಹಾಗಲ್ಲ. ಹೊರ ಲಕೋಟೆ ತೆರೆದರೆ ಒಳಗೆ ಎರಡು ವಸ್ತು ಇರಬೇಕು. ಒಂದು 13ಎ ಎಂಬ ಘೋಷಣೆಯ ಹಾಳೆ, ಇನ್ನೊಂದು ಮತಪತ್ರ ಇಟ್ಟು ಅಂಟಿಸಿದ ಸಣ್ಣ ಲಕೋಟೆ. ಮೊದಲು ನೋಡುವುದು ಹಾಳೆಯನ್ನು. ಮತದಾರನ ಸಹಿ ಇದೆಯೇ? ಅಧಿಕಾರಿಯ ದೃಢೀಕರಣ ಇದೆಯೇ? ಮತಪತ್ರದ ಕ್ರಮಸಂಖ್ಯೆ ತಾಳೆಯಾಗುತ್ತದೆಯೇ? ಒಂದು ತಪ್ಪಿದರೂ ಸಣ್ಣ ಲಕೋಟೆಯನ್ನು ಒಡೆಯುವ ಹಾಗೇ ಇಲ್ಲ. ಅವರು ಯಾರಿಗೆ ವೋಟು ಹಾಕಿದ್ದರು ಎಂದು ಯಾರಿಗೂ ತಿಳಿಯದೆ ಅದು ತಿರಸ್ಕೃತದ ಕಟ್ಟಿಗೆ ಹೋಗುತ್ತದೆ. ಚುನಾವಣಾ ಕೆಲಸದ ಮೇಲೆ ಊರೂರಿಗೆ ಹೋಗಿ ಬೇರೆಯವರಿಂದ ವೋಟು ಹಾಕಿಸಿ ಬರುವ, ತಮ್ಮ ವೋಟನ್ನು ಅಂಚೆಯಲ್ಲೇ ಕಳಿಸುವ ಮೇಷ್ಟ್ರು, ಗುಮಾಸ್ತರ ವೋಟು ಹೀಗೆ ಹಾಳಾಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಚುನಾವಣಾ ಆಯೋಗದ ಈಗಿನ ಸೂಚನೆ ಪ್ರಕಾರ, ತಿರಸ್ಕರಿಸಿದ ಅಂಚೆ ಮತಗಳಿಗಿಂತ ಗೆಲುವಿನ ಅಂತರ ಕಡಿಮೆ ಇದ್ದರೆ ಫಲಿತಾಂಶ ಘೋಷಿಸುವ ಮೊದಲು ಅವನ್ನೆಲ್ಲ ಇನ್ನೊಮ್ಮೆ ಪರಿಶೀಲಿಸಲೇಬೇಕು. ಇದು ಒಳ್ಳೆಯ ನಿಯಮ.

ಇರಲಿ, ಕ್ಷೇತ್ರದ ವಿಚಾರಕ್ಕೆ ಬರೋಣ.

ಸಂತೆಮರಹಳ್ಳಿ ಇರುವುದು ಚಾಮರಾಜನಗರದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಈ ಕ್ಷೇತ್ರದಲ್ಲಿ ಸಂತೆಮರಹಳ್ಳಿ ಸುತ್ತಿನ ಊರುಗಳೂ ಪುಟ್ಟ ಯಳಂದೂರು ತಾಲ್ಲೂಕೂ ಸೇರಿದ್ದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳೂ (ಹಾಡಿಗಳು) ಇದಕ್ಕೇ ಸೇರಿದ್ದು. ರಾಜ್ಯದಲ್ಲಿ ಸಚಿವರಾಗಿದ್ದು ಆಮೇಲೆ ಹಿಮಾಚಲ ಪ್ರದೇಶ, ಕೇರಳಗಳ ರಾಜ್ಯಪಾಲರಾದ ಬಿ. ರಾಚಯ್ಯ ಇಲ್ಲಿಂದ ಶಾಸಕರಾಗಿದ್ದವರು. ಈ ರಾಚಯ್ಯನವರ ಮಗನೇ ಕೃಷ್ಣಮೂರ್ತಿ. ಅವರೂ 2004ಕ್ಕೆ ಮುಂಚೆಯೇ ಇಲ್ಲಿ ಗೆದ್ದು ಶಾಸಕರಾಗಿದ್ದರು. ಇಂಥ ಮನೆತನದ ಎದುರು ಧ್ರುವನಾರಾಯಣ ಗೆದ್ದದ್ದು ಅಂತ ನೆನಪಿಟ್ಟರೆ ಆ ಒಂದು ವೋಟಿನ ತೂಕ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆ ಸಲ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಇಲ್ಲಿ ಒಂದೊಂದು ವೋಟಿಗೆ ಬಡಿದಾಡಿದ ಕಾಂಗ್ರೆಸ್ಸು, ಜೆಡಿಎಸ್ಸು ಬೆಂಗಳೂರಿನಲ್ಲಿ ಸೇರಿ ಧರ್ಮಸಿಂಗ್ ಸರ್ಕಾರ ಮಾಡಿದವು.

ಹಾಗಾದರೆ ಕ್ಷೇತ್ರ ಹೋದದ್ದೇಕೆ? ಯಾರೋ ಹಠ ಹಿಡಿದು ಅಳಿಸಿದರು ಅಂತ ಆ ಕಡೆಯ ಕೆಲವರು ಈಗಲೂ ಬೇಸರ ಪಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ಕಾರಣ ಸರಳ. ಅಲ್ಲಿಯವರೆಗೆ ನಮ್ಮ ಕ್ಷೇತ್ರಗಳಿದ್ದದ್ದು 1971ರ ಜನಗಣತಿಯ ಮೇಲೆ. ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿ ಹಿಡಿದು ಗಡಿಗಳನ್ನು ಮತ್ತೆ ಹಾಕಿತು. ರಾಜ್ಯದ ಜನಸಂಖ್ಯೆ ಸುಮಾರು 5 ಕೋಟಿ 28 ಲಕ್ಷ. ಒಟ್ಟು ಸ್ಥಾನ 224, ಅದನ್ನು ಮುಟ್ಟುವಂತಿರಲಿಲ್ಲ. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2 ಲಕ್ಷ 36 ಸಾವಿರ ಜನ. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 9 ಲಕ್ಷ 65 ಸಾವಿರ. ಅಂದರೆ ನಾಲ್ಕು ಸ್ಥಾನ. ಇದ್ದದ್ದು ಐದು: ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು, ಸಂತೆಮರಹಳ್ಳಿ. ಅದೇ ಲೆಕ್ಕದಲ್ಲಿ 65 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಗೆ 28 ಬಂತು. ಜನ ಊರು ಬಿಟ್ಟು ಪೇಟೆಗೆ ಹೋದ ಹಾಗೆ ಸ್ಥಾನಗಳೂ ಹೋದವು.

ಐದರಲ್ಲಿ ಸಂತೆಮರಹಳ್ಳಿಯೇ ಹೋಗಬೇಕಿತ್ತೇ ಅನ್ನೋದು ಬೇರೆ ಪ್ರಶ್ನೆ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕು ಕೇಂದ್ರಗಳು. ಹನೂರು ಕಾಡಂಚಿನ ದೊಡ್ಡ ಸೀಮೆ. ಇವುಗಳ ನಡುವೆ ಇದ್ದ ಸಂತೆಮರಹಳ್ಳಿ ಒಂದು ಹೋಬಳಿಯ ಊರು. ಹಂಚಲು ಸುಲಭವಾಗಿತ್ತು ಅಂತ ನನ್ನ ಅಂದಾಜು. ಯಳಂದೂರು ತಾಲ್ಲೂಕು, ಸಂತೆಮರಹಳ್ಳಿ ಸುತ್ತು ಎರಡೂ ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದವು.

ನನಗೆ ಅತಿ ಹೆಚ್ಚು ಕುತೂಹಲ ಹುಟ್ಟಿಸುವುದು ಈ ಜೋಡಣೆ. ಯಳಂದೂರು ಮೈಸೂರು ಸಂಸ್ಥಾನದ ನೆಲ, ದಿವಾನ್ ಪೂರ್ಣಯ್ಯನವರ ಜಹಗೀರು. ಪಕ್ಕದ ಕೊಳ್ಳೇಗಾಲವೋ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು. 1952ರ ಮೊದಲ ಚುನಾವಣೆಯಲ್ಲಿ ಯಳಂದೂರಿನವರು ಮೈಸೂರು ವಿಧಾನಸಭೆಗೆ ವೋಟು ಹಾಕಿದರೆ, ಕೂಗಳತೆಯ ಕೊಳ್ಳೇಗಾಲದವರು ಮದ್ರಾಸಿಗೆ ಹಾಕಿದರು. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. ಇಬ್ಬರಿಗೂ ಒಬ್ಬನೇ ಶಾಸಕ ಅನ್ನೋ ಈಗಿನ ಏರ್ಪಾಡು ಬಂದದ್ದು ಮಾತ್ರ 2008ರಲ್ಲಿ.

ಇದರಿಂದ ಆದ ಇನ್ನೊಂದು ಪರಿಣಾಮ ಜನ ಅಷ್ಟಾಗಿ ಗಮನಿಸುವುದಿಲ್ಲ. ಕೊಳ್ಳೇಗಾಲವೂ ಮೀಸಲು, ಸಂತೆಮರಹಳ್ಳಿಯೂ ಮೀಸಲು. ಎರಡು ಇದ್ದದ್ದು ಒಂದಾಯಿತು. ಎರಡು ಕ್ಷೇತ್ರಗಳಲ್ಲಿ ಬೆಳೆದ ದಲಿತ ನಾಯಕರೆಲ್ಲ ಒಂದೇ ಕಣದಲ್ಲಿ ಜಾಗ ಹುಡುಕಬೇಕಾಯಿತು. 2008ರಲ್ಲಿ ಹೊಸ ಕೊಳ್ಳೇಗಾಲದಿಂದ ಧ್ರುವನಾರಾಯಣ ಗೆದ್ದರು. ಮರುವರ್ಷ ಲೋಕಸಭೆಗೆ ಹೋದರು. ಅಲ್ಲೂ ಎದುರಾಳಿ ಕೃಷ್ಣಮೂರ್ತಿಯೇ, ಈ ಸಲ ಬಿಜೆಪಿಯಿಂದ. ಅಂತರ ಸುಮಾರು 4 ಸಾವಿರ. 2019ರಲ್ಲಿ ಧ್ರುವನಾರಾಯಣ ಅವರು ವಿ. ಶ್ರೀನಿವಾಸಪ್ರಸಾದ್ ಎದುರು ಸೋತದ್ದು 1,817 ಮತಗಳಿಂದ. 2023ರ ಮಾರ್ಚ್‌ನಲ್ಲಿ ಧ್ರುವನಾರಾಯಣ ತೀರಿಕೊಂಡರು. ಎರಡೇ ತಿಂಗಳಿಗೆ ಕೃಷ್ಣಮೂರ್ತಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅದೇ ಕೊಳ್ಳೇಗಾಲದಲ್ಲಿ ಎನ್. ಮಹೇಶ್ ಅವರನ್ನು 59 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಸೋಲಿಸಿದರು.

ಇದನ್ನು ಓದಿ ‘ಕೊಳ್ಳೇಗಾಲ ಯಾವಾಗಲೂ ಹೀಗೆ, ಹಾಗೆ’ ಎಂದು ಮಾತಾಡುವವರಿಗೆ ನನ್ನದೊಂದು ಕೋರಿಕೆ. 2004ರ ಕೊಳ್ಳೇಗಾಲವೂ 2008ರ ಕೊಳ್ಳೇಗಾಲವೂ ಹೆಸರಲ್ಲಿ ಮಾತ್ರ ಒಂದು. ಸುಮ್ನೆ ಗೆದ್ದವರ ಪಟ್ಟಿ ಒಂದರ ಕೆಳಗೊಂದು ಬರೆದರೆ ಇತಿಹಾಸ ಆಗುವುದಿಲ್ಲ. ಮತಗಟ್ಟೆ ಹಿಡಿದು ಹೋಗಬೇಕು. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋದು ಫಾರಂ 20ರಲ್ಲಿ ಇರುತ್ತದೆ. ಆದರೆ ಅಲ್ಲಿನ ಕ್ರಮಸಂಖ್ಯೆ ನಂಬಿ ಕೂರಬೇಡಿ, ಪ್ರತಿ ಚುನಾವಣೆಗೂ ಅದು ಬದಲಾಗಬಹುದು. ಊರಿನ ಹೆಸರು, ಶಾಲೆಯ ಹೆಸರು ಹಿಡಿದು ತಾಳೆ ನೋಡಿ. ಮತಪತ್ರ ಇದ್ದ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಡ್ರಮ್ಮಿನಲ್ಲಿ ಬೆರೆಸಿ ಎಣಿಸುವ ಪದ್ಧತಿ ಇತ್ತು. ಆದ್ದರಿಂದ ಹಿಂದೆ ಹೋದಷ್ಟೂ ಊರುವಾರು ಲೆಕ್ಕ ಸಿಗುವುದು ಕಷ್ಟ. 2004ರದ್ದು ಮತಯಂತ್ರದ ಎಣಿಕೆ. ಸಂತೆಮರಹಳ್ಳಿ ಕ್ಷೇತ್ರದ ಕೊನೆಯ ಸಾರ್ವತ್ರಿಕ ಚುನಾವಣೆಯೂ ಅದೇ. ಯಾರಾದರೂ ವಿದ್ಯಾರ್ಥಿ ಅದನ್ನು ಊರುವಾರು ಬಿಡಿಸಿ 2008ರ ಕೊಳ್ಳೇಗಾಲದ ಪಕ್ಕ ಇಡುವುದಾದರೆ, ಯಳಂದೂರಿನ ಮತಗಟ್ಟೆಗಳಿಂದ ಶುರು ಮಾಡಿ. ತಾಲ್ಲೂಕು ಸಣ್ಣದು, ಇಡಿಯಾಗಿ ಒಂದೇ ಕ್ಷೇತ್ರಕ್ಕೆ ಹೋಗಿದೆ, ತಾಳೆ ಬೇಗ ಸಿಗುತ್ತದೆ.